ಕಾಡಿಗೆ ಕರ್ಕೊಂಡು ಹೋದ ಮೇಷ್ಟ್ರು: ಬಿ.ಜಿ.ಎಲ್. ಸ್ವಾಮಿ



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ನನಗೆ ಹೇಳಿದ್ದರು. ನಾನು ಮೊದಲು ಗಾಂಧೀಜಿ ಅಂತ ಹೆಸರು ಕೊಟ್ಟಿದ್ದೆ. ಆಮೇಲೆ ಬದಲಾಯಿಸಿದೆ. ಯಾಕೆ ಬದಲಾಯಿಸಿದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ರೆ ಈ ಹೆಸರು ನಿನಗೆ ಎಲ್ಲಿ ಸಿಕ್ತು ಅಂತ ಎಲ್ಲರೂ ಕೇಳ್ತೀರಿ.

ಹೋದ ತಿಂಗಳು ಪಟ್ಟಣದ ಒಂದು ಶಾಲೆಯ ಮಕ್ಕಳು ಬಸ್ಸು ಮಾಡ್ಕೊಂಡು ನಮ್ಮ ಸೂಳೆಕೆರೆ ನೋಡೋಕೆ ಬಂದಿದ್ದರು. ಅದು ಬರೀ ಪ್ರವಾಸ ಅಲ್ಲ, ಪರಿಸರ ಅಧ್ಯಯನ. ಎಲ್ಲರ ಕೈಯಲ್ಲೂ ಒಂದು ನೋಟ್‌ಬುಕ್, ತಲೆ ಮೇಲೆ ಟೋಪಿ. ಅವರಿಗೆ ದಾರಿ ತೋರಿಸೋಕೆ ಅಂತ ನಮ್ಮ ಏಳನೇ ತರಗತಿಯಿಂದ ಆರು ಜನರನ್ನ ಕಳಿಸಿದ್ದರು. ಆ ಆರರಲ್ಲಿ ನಾನೂ ಒಬ್ಬ. ಏರಿ ಮೇಲೆ ನಿಂತು ನಾನು ಜೋರಾಗಿ ಹೇಳಿದ್ದೇ ಹೇಳಿದ್ದು. ಇದಕ್ಕೆ ಶಾಂತಿಸಾಗರ ಅಂತಲೂ ಹೆಸರು, ಏಷ್ಯಾ ಖಂಡದಲ್ಲೇ ಎರಡನೇ ದೊಡ್ಡ ಕೆರೆ ಅಂತ ಹೇಳ್ತಾರೆ, ಎರಡು ಗುಡ್ಡದ ನಡುವೆ ಏರಿ ಹಾಕಿ ಹರಿದ್ರಾ ಹಳ್ಳದ ನೀರನ್ನ ನಿಲ್ಲಿಸಿದ್ದಾರೆ, ಸಿದ್ದನಾಲೆ ಬಸವನಾಲೆ ಅಂತ ಎರಡು ನಾಲೆ ಇದಾವೆ, ಚನ್ನಗಿರಿಗೂ ಚಿತ್ರದುರ್ಗಕ್ಕೂ ಕುಡಿಯೋಕೆ ಇಲ್ಲಿಂದಲೇ ನೀರು ಹೋಗ್ತದೆ, ಎಲ್ಲಾ ಹೇಳಿದೆ. ಅವರು ಬರ್ಕೊಂಡರು. ಅಲ್ಲಿ ತನಕ ನಾನೇ ಹೀರೋ.

ಆಮೇಲೆ ಒಂದು ಹುಡುಗಿಯ ಸಾಕ್ಸ್ ತುಂಬ ಮುಳ್ಳು ಮುಳ್ಳಿನ ಬೀಜ ಅಂಟಿಕೊಂಡವು. ಉದ್ದ ಕಡ್ಡಿ, ಕಡ್ಡಿ ತುಂಬ ಕೆಳಗೆ ಮುಖ ಮಾಡಿದ ಚೂಪು ಬೀಜ. ನಾವು ಆಟದಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಎಸೀತೀವಲ್ಲ, ಅದೇ. ಅವಳು ಇದರ ಹೆಸರೇನು ಅಂತ ಕೇಳಿದಳು. ನಾನು ಪಕ್ಕದವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಕೊನೆಗೆ ಅದು ಕಳೆ ಅಂದೆ. ಅವಳು ನೋಟ್‌ಬುಕ್ಕಿನಲ್ಲಿ ಕಳೆ ಅಂತ ಬರ್ಕೊಂಡು, ಪಕ್ಕದ ಗಿಡ ತೋರಿಸಿ ಇದು ಯಾವುದು ಅಂದಳು. ಅದೂ ಕಳೆ ಅಂದೆ. ಮೂರನೇ ಸಲ ಅವಳು ಕೇಳಲೇ ಇಲ್ಲ.

ನನಗೆ ಎಷ್ಟು ನಾಚಿಕೆ ಆಯ್ತು ಅಂದ್ರೆ ರಾತ್ರಿ ಊಟ ಸೇರಲಿಲ್ಲ. ಹುಟ್ಟಿದಾಗಿನಿಂದ ಆ ಏರಿ ಮೇಲೆ ಓಡಾಡೋನು ನಾನು. ಬಸ್ಸಿನಲ್ಲಿ ಬಂದೋರಿಗೆ ಕಾಣಿಸಿದ ಗಿಡ ನನಗೆ ಕಾಣಿಸಿಲ್ಲ. ಅಜ್ಜಿಗೆ ಒಂದು ಕಡ್ಡಿ ತಂದು ತೋರಿಸಿದೆ. ಅಜ್ಜಿ ನಕ್ಕಳು. ಅದು ಉತ್ತರಾಣಿ, ಅದರ ಕಡ್ಡಿಯಲ್ಲಿ ಹಿಂದೆ ಹಲ್ಲು ಉಜ್ಜುತಿದ್ದರು, ಗಣಪತಿ ಪೂಜೆಯ ಪತ್ರೆಯಲ್ಲೂ ಅದು ಬೇಕು ಅಂತ ಹೇಳಿದಳು. ಶಾಲೆಗೆ ಹೋಗದ ಅಜ್ಜಿಗೆ ಗೊತ್ತು, ಏಳನೇ ತರಗತಿಯ ನನಗೆ ಗೊತ್ತಿಲ್ಲ.

ಮಾರನೇ ದಿನ ಇದನ್ನ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಬೈಯ್ಯಲಿಲ್ಲ. ಬೀರುವಿನಿಂದ ಒಂದು ಹಳೇ ಪುಸ್ತಕ ತೆಗೆದು ಕೊಟ್ಟರು. ಅದರ ಹೆಸರು ಹಸಿರು ಹೊನ್ನು. ಬರೆದವರು ಬಿ.ಜಿ.ಎಲ್. ಸ್ವಾಮಿ. ವಿದ್ಯಾರ್ಥಿಗಳನ್ನ ಕಾಡಿಗೆ ಕರ್ಕೊಂಡು ಹೋಗಿ ಗಿಡ ತೋರಿಸಿದ ಮೇಷ್ಟ್ರು ಇವರು. ನಾನು ಗಾಂಧೀಜಿಯನ್ನ ಬಿಟ್ಟು ಇವರನ್ನ ಹಿಡಿದದ್ದು ಹೀಗೆ.

ಬಿ.ಜಿ.ಎಲ್. ಸ್ವಾಮಿಯವರು 1918ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಇದರಲ್ಲಿ ಗುಂಡಪ್ಪ ಅಂದ್ರೆ ಅವರ ತಂದೆ. ಯಾವ ಗುಂಡಪ್ಪ ಗೊತ್ತಾ? ನಮಗೆಲ್ಲಾ ಗೊತ್ತಿರುವ ಡಿ.ವಿ. ಗುಂಡಪ್ಪನವರು, ಅಂದ್ರೆ ಮಂಕುತಿಮ್ಮನ ಕಗ್ಗ ಬರೆದ ಡಿ.ವಿ.ಜಿ. ಇದನ್ನ ಓದಿದಾಗ ನಾನು ಮೇಷ್ಟ್ರ ಹತ್ತಿರ ಹೋಗಿ ಹೌದಾ ಅಂತ ಇನ್ನೊಂದು ಸಲ ಕೇಳಿದೆ. ಹೌದಂತೆ.

ತಂದೆ ಅಷ್ಟು ದೊಡ್ಡ ಕವಿ ಅಂದ್ಮೇಲೆ ಮಗನೂ ಕವಿತೆ ಬರೀಬಹುದು ಅಂತ ಎಲ್ಲರೂ ಅಂದುಕೊಳ್ತಾರೆ. ಸ್ವಾಮಿಯವರು ಹಿಡಿದದ್ದು ಗಿಡದ ದಾರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಓದು ಮುಗಿಯಿತು, ಆದರೆ ಮನಸ್ಸಿಗೆ ಒಪ್ಪುವ ಕೆಲಸ ಕೂಡಲೇ ಸಿಗಲಿಲ್ಲ. ಆಗ ಅವರು ಏನು ಮಾಡಿದರು ಅಂದ್ರೆ, ಮನೆಯಲ್ಲೇ ಒಂದು ಪ್ರಯೋಗಾಲಯ ಮಾಡಿಕೊಂಡರು. ನಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಒಂದೇ ಒಂದು ಇದೆ, ಅದನ್ನ ಮುಟ್ಟಬೇಕಾದ್ರೆ ಸಾಲಿನಲ್ಲಿ ನಿಲ್ಲಬೇಕು. ಅವರು ಮನೆಯಲ್ಲಿ ಕೂತು, ಯಾರೂ ಸಂಬಳ ಕೊಡದೇ ಇದ್ರೂ, ಹೂವಿನ ಒಳಗೆ ಬೀಜ ಹೇಗೆ ಹುಟ್ಟುತ್ತೆ ಅಂತ ನೋಡ್ತಾ ಹೋದರು.

ಇದು ಸುಲಭದ ಕೆಲಸ ಅಲ್ಲ. ಮೇಷ್ಟ್ರು ನಮಗೆ ವಿವರಿಸಿ ಹೇಳಿದರು. ಹೂವಿನ ಚೂರನ್ನ ಮೇಣದಲ್ಲಿ ಅದ್ದಿ ಗಟ್ಟಿ ಮಾಡಬೇಕು. ಆಮೇಲೆ ಅದನ್ನ ಕಾಗದಕ್ಕಿಂತಲೂ ತೆಳ್ಳಗೆ ಕತ್ತರಿಸಬೇಕು. ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಹೂವಿಗೆ ಇಂಥ ಚೂರು ಎಷ್ಟೋ ಆಗ್ತವೆ. ಸ್ವಾಮಿಯವರು ಹೆಚ್ಚಾಗಿ ನೋಡಿದ್ದು ಆರ್ಕಿಡ್ ಜಾತಿಯ ಗಿಡಗಳನ್ನ. ಮಲೆನಾಡಿನಲ್ಲಿ ಮರದ ಮೇಲೆ ಬೆಳೆದು ಗೊಂಚಲು ಗೊಂಚಲು ಹೂ ಬಿಡುವ ಸೀತೆದಂಡೆ ಇದೆಯಲ್ಲ, ಅದು ಆರ್ಕಿಡ್. ಆರ್ಕಿಡ್ ಕಾಯಿ ಒಡೆದರೆ ಒಳಗಡೆ ಬೀಜ ಧೂಳಿನ ಹಾಗೆ ಇರುತ್ತೆ, ಸಾವಿರಗಟ್ಟಲೆ. ಅವರೆ ಬೀಜದಲ್ಲಿ ಮೊಳಕೆಗೆ ಬೇಕಾದ ಊಟ ಒಳಗೇ ಇರ್ತದೆ. ಆರ್ಕಿಡ್ ಬೀಜದಲ್ಲಿ ಅದು ಇರೋದಿಲ್ಲ, ಮೊಳೆಯೋಕೆ ಒಂದು ಥರದ ಶಿಲೀಂಧ್ರದ ಸಹಾಯ ಬೇಕು. ಇಂಥ ಧೂಳಿನೊಳಗೆ ಏನು ನಡೀತದೆ ಅಂತ ಸ್ವಾಮಿಯವರು ನೋಡಿ ನೋಡಿ ಬರೆದರು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿ ಕೊಟ್ಟಿತು.

ಅಲ್ಲಿಂದ ಅವರು ಅಮೆರಿಕಕ್ಕೆ ಹೋದರು. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಅಂತ ಒಬ್ಬ ದೊಡ್ಡ ಪ್ರಾಧ್ಯಾಪಕರಿದ್ದರು. ಮರದ ಒಳಗಿನ ರಚನೆ ಬಗ್ಗೆ ಅವರಿಗೆ ತುಂಬ ಗೊತ್ತು. ಗುರು ಶಿಷ್ಯರು ಇಬ್ಬರೂ ಸೇರಿ 1951ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸಸ್ಯಶಾಸ್ತ್ರದಲ್ಲಿ ಅದು ಇವತ್ತಿಗೂ ಹೆಸರುವಾಸಿ. ಅದರಲ್ಲಿ ಇರೋದು ಏನು ಅಂತ ನಾವೇ ಮಾಡಿ ನೋಡಬಹುದು. ಒಂದು ಅವರೆಕಾಯಿ ತಗೊಂಡು ಒಂದು ಅಂಚು ಮಾತ್ರ ಬಿಡಿಸಿ ಅಗಲ ಮಾಡಿ. ಹೇಗೆ ಕಾಣುತ್ತೆ? ಎಲೆ ಥರ! ನಡುವೆ ಒಂದು ನರ, ಎರಡೂ ಅಂಚಿನಲ್ಲಿ ಬೀಜ. ಬಹಳ ಬಹಳ ಹಿಂದೆ, ಹೂ ಬಿಡುವ ಗಿಡಗಳು ಶುರುವಾದಾಗ, ಬೀಜ ಇಟ್ಟುಕೊಳ್ಳುವ ಭಾಗ ಹೀಗೇ ಉದ್ದಕ್ಕೆ ಮಡಚಿದ ಎಲೆಯ ಹಾಗೆ ಇತ್ತು ಅಂತ ಅವರು ತೋರಿಸಿಕೊಟ್ಟರು. ಇದರ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಚರ್ಚೆ ಇದೆಯಂತೆ. ನಾನು ಮಾತ್ರ ಆವತ್ತಿನಿಂದ ಅವರೆಕಾಯಿ ಬಿಡಿಸೋವಾಗ ಪ್ರತಿ ಸಲ ಅಗಲ ಮಾಡಿ ನೋಡ್ತೀನಿ. ಅವ್ವ ಬೇಗ ಬೇಗ ಬಿಡಿಸು ಅಂತಾಳೆ.

ಸ್ವಾಮಿಯವರು ಗುರುವನ್ನ ಮರೆಯಲಿಲ್ಲ. ಗಿಡಕ್ಕೆ ವಿಜ್ಞಾನದಲ್ಲಿ ಎರಡು ಮಾತಿನ ಹೆಸರಿರುತ್ತೆ. ಮೊದಲನೆಯದು ಮನೆತನದ ಹೆಸರಿದ್ದಂಗೆ, ಎರಡನೆಯದು ಅದರ ಸ್ವಂತ ಹೆಸರು. ಲಿನೇಯಸ್ ಅನ್ನುವ ಸ್ವೀಡನ್ ದೇಶದ ವಿಜ್ಞಾನಿ 1753ರ ತಮ್ಮ ಪುಸ್ತಕದಲ್ಲಿ ಎಲ್ಲಾ ಗಿಡಕ್ಕೂ ಈ ಪದ್ಧತಿ ಹಾಕಿದರು. ಹೊಸ ಗಿಡವನ್ನ ಮೊದಲು ವರ್ಣಿಸಿದವರಿಗೆ ಹೆಸರಿಡುವ ಹಕ್ಕು. ಸ್ವಾಮಿಯವರು ಒಂದು ಗಿಡಕ್ಕೆ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಅಂತ ಹೆಸರಿಟ್ಟರು. ಇನ್ನೊಂದಕ್ಕೆ ಆಸ್ಕರೀನ ಮಾಹೇಶ್ವರಿಯೈ ಅಂತ ಇಟ್ಟರು. ಈ ಮಾಹೇಶ್ವರಿ ಅಂದ್ರೆ ದೆಹಲಿಯಲ್ಲಿದ್ದ ನಮ್ಮ ದೇಶದ ಸಸ್ಯವಿಜ್ಞಾನಿ ಪಂಚಾನನ ಮಾಹೇಶ್ವರಿ. ತಾನು ಹೆಸರಿಡುವ ಗಿಡಕ್ಕೆ ತನ್ನ ಹೆಸರೇ ಇಟ್ಟುಕೊಳ್ಳುವ ಹಾಗಿಲ್ಲವಾ ಅಂತ ನಾನು ಕೇಳಿದೆ. ಹಂಗೆ ಯಾರೂ ಮಾಡೋದಿಲ್ಲ, ಮಾಡಿದರೆ ಬೇರೆಯವರು ನಗ್ತಾರೆ ಅಂದರು ಮೇಷ್ಟ್ರು.

ಇಂಡಿಯಾಕ್ಕೆ ವಾಪಸು ಬಂದ ಮೇಲೆ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಅದು ಈಗಿನ ಚೆನ್ನೈ. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಕೊನೆಗೆ ಆ ಕಾಲೇಜಿನ ಪ್ರಾಂಶುಪಾಲರೇ ಆದರು. ತಮಿಳು ಕಲಿತರು, ತಮಿಳು ಸಾಹಿತ್ಯ ಓದಿದರು. ಆದರೆ ಬರೆಯೋವಾಗ ಕನ್ನಡದಲ್ಲಿ ಬರೆದರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸ್ವಾಮಿಯವರು ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ಪಶ್ಚಿಮ ಘಟ್ಟದ ಕಾಡುಗಳಿಗೆ ಅಧ್ಯಯನ ಪ್ರವಾಸ ಹೋಗ್ತಿದ್ದರು. ಆ ಪ್ರವಾಸಗಳ ಕಥೆಯೇ ಹಸಿರು ಹೊನ್ನು ಪುಸ್ತಕ. ಕಾಲೇಜಿನಲ್ಲಿ ಗಿಡ ಇರಲ್ವಾ ಅಂತ ನೀವು ಕೇಳಬಹುದು. ಇರ್ತದೆ, ಹಾಳೆ ಮೇಲೆ ಒಣಗಿ ಅಂಟಿಸಿರುತ್ತೆ. ಗಿಡ ಕಿತ್ತು ತಂದು, ಹಳೇ ಪೇಪರ್ ಹಾಳೆಗಳ ಮಧ್ಯೆ ಒತ್ತಿಟ್ಟು, ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಹೆಸರು, ಊರು, ತಾರೀಖು, ತಂದವರ ಹೆಸರು ಬರೀತಾರೆ. ಅದೂ ಬೇಕು. ಆದರೆ ಒಣಗಿದ ಗಿಡದಲ್ಲಿ ಬಣ್ಣ ಹೋಗಿರುತ್ತೆ, ವಾಸನೆ ಹೋಗಿರುತ್ತೆ. ಅದು ಮರಕ್ಕೆ ಸುತ್ತಿಕೊಂಡಿತ್ತಾ, ನೆರಳಲ್ಲಿತ್ತಾ, ಯಾವ ಜೇನು ಬಂದು ಕೂತಿತ್ತು, ದನ ಅದನ್ನ ತಿಂದಿತ್ತಾ ಬಿಟ್ಟಿತ್ತಾ, ಇದೊಂದೂ ಹಾಳೆ ಮೇಲೆ ಕಾಣೋದಿಲ್ಲ. ಅದಕ್ಕೇ ಕಾಡಿಗೇ ಹೋಗಬೇಕು. ಉತ್ತರಾಣಿ ಬೀಜದ ಚಿತ್ರವನ್ನ ನಾನು ಪುಸ್ತಕದಲ್ಲಿ ನೋಡಿದ್ದರೆ ಅದು ಯಾಕೆ ಚೂಪಾಗಿದೆ ಅಂತ ತಿಳೀತಿರಲಿಲ್ಲ. ಆ ಹುಡುಗಿಯ ಸಾಕ್ಸಿಗೆ ಅಂಟಿದ್ದು ನೋಡಿದಾಗ ತಿಳೀತು. ಅದು ಬಸ್ಸು ಹತ್ತಿ ಪಟ್ಟಣಕ್ಕೇ ಹೋಯ್ತು ನೋಡಿ! ಕಾಲಿಲ್ಲದ ಗಿಡ ಹಿಂಗೆ ದನದ ಮೈಗೆ, ಮನುಷ್ಯರ ಬಟ್ಟೆಗೆ ಅಂಟಿಕೊಂಡು ಊರು ಬದಲಾಯಿಸ್ತದೆ.

ಹಸಿರು ಹೊನ್ನು ಓದೋಕೆ ಪಾಠದ ಪುಸ್ತಕದ ಥರ ಇಲ್ಲ. ಒಂದು ಗಿಡ ಸಿಕ್ಕಿತು ಅಂದ್ರೆ ಅದರ ವಿಜ್ಞಾನದ ಹೆಸರು ಹೇಳಿ ಮುಗಿಸೋದಿಲ್ಲ. ಜನ ಅದನ್ನ ಏನಂತ ಕರೀತಾರೆ, ಆ ಹೆಸರು ಯಾಕೆ ಬಂತು, ಅದನ್ನ ಯಾವುದಕ್ಕೆ ಬಳಸ್ತಾರೆ, ಅದರ ಹಿಂದೆ ಏನು ಕಥೆ ಇದೆ, ಇದೆಲ್ಲಾ ಬರುತ್ತೆ. ನಡು ನಡುವೆ ಪ್ರವಾಸದ ಊಟ, ನಿದ್ದೆ, ಫಜೀತಿ, ತಮಾಷೆ. ಮೇಷ್ಟ್ರು ಅಂದ್ಮೇಲೆ ಗಂಭೀರವಾಗಿ ಇರಬೇಕು ಅಂತ ನಾನು ತಿಳಿದಿದ್ದೆ. ಸ್ವಾಮಿಯವರು ಜೊತೆಗೆ ಬಂದವರನ್ನ ಚೆನ್ನಾಗಿ ಗೇಲಿ ಮಾಡಿದ್ದಾರೆ. ಗೇಲಿ ಮಾಡಿಸ್ಕೊಂಡೋರಿಗೆ ಓದಿದ ಮೇಲೆ ಬೇಜಾರಾಗಿರಬಹುದಾ ಅಂತಲೂ ನನಗೆ ಅನ್ನಿಸಿತು. ಪುಸ್ತಕದಲ್ಲಿರೋ ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಗಿಡದ ಚಿತ್ರ ಬರೆಯೋ ಕೈಯೇ ನಗು ಬರೋ ಚಿತ್ರವನ್ನೂ ಬರೆದಿದೆ. ನಿಜ ಹೇಳಬೇಕಂದ್ರೆ ಪುಸ್ತಕ ಪೂರ್ತಿ ನನಗೆ ಅರ್ಥ ಆಗಲಿಲ್ಲ. ಉದ್ದುದ್ದ ಹೆಸರು ಬಂದಾಗ ದಾಟಿಕೊಂಡು ಹೋದೆ. ದಾಟಿಕೊಂಡು ಹೋದರೂ ತಪ್ಪಿಲ್ಲ, ಮತ್ತೆ ವಾಪಸು ಬಂದ್ರೆ ಸಾಕು ಅಂತ ಮೇಷ್ಟ್ರು ಹೇಳಿದ್ದಾರೆ.

ಹಸಿರು ಹೊನ್ನು ಪ್ರಕಟವಾದದ್ದು 1976ರಲ್ಲಿ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಿ.ವಿ.ಜಿ.ಯವರಿಗೂ ಇದೇ ಪ್ರಶಸ್ತಿ 1967ರಲ್ಲಿ ಬಂದಿತ್ತು. ಅಪ್ಪನಿಗೂ ಮಗನಿಗೂ ಒಂದೇ ಪ್ರಶಸ್ತಿ! ಆದರೆ ಮಗನಿಗೆ ಬಂದದ್ದನ್ನ ಅಪ್ಪ ನೋಡಲಿಲ್ಲ. ಡಿ.ವಿ.ಜಿ. 1975ರಲ್ಲೇ ತೀರಿಕೊಂಡಿದ್ದರು. ಕಥೆ ಕಾದಂಬರಿಗೆ ಪ್ರಶಸ್ತಿ ಬರೋದು ಕೇಳಿದ್ದೀವಿ, ಗಿಡ ಹುಡುಕಿಕೊಂಡು ಕಾಡಿಗೆ ಹೋದ ಪ್ರವಾಸದ ಪುಸ್ತಕಕ್ಕೂ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಅವರ ಇನ್ನೊಂದು ಪುಸ್ತಕದ ಹೆಸರು ಕೇಳಿದರೆ ನಗ್ತೀರಿ: ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ. ಇದು ನಮ್ಮ ಅಡುಗೆಮನೆಯ ಗಿಡಗಳು ಎಲ್ಲಿಂದ ಬಂದವು ಅನ್ನೋದರ ಬಗ್ಗೆ. ಮೇಷ್ಟ್ರು ಇದನ್ನ ಬಿಸಿಯೂಟದ ಹೊತ್ತಿಗೆ ಸರಿಯಾಗಿ ಹೇಳಿದರು. ತಟ್ಟೆಯಲ್ಲಿ ಸಾಂಬಾರ್ ಇತ್ತು. ಅದರಲ್ಲಿದ್ದ ಆಲೂಗಡ್ಡೆ ಅಮೆರಿಕ ಖಂಡದ್ದು. ಟೊಮೆಟೊ ಅಲ್ಲಿಯದೇ. ಮೆಣಸಿನಕಾಯಿ ಕೂಡ! ನಾವು ಯಾರೂ ನಂಬಲಿಲ್ಲ. ಮೆಣಸಿನಕಾಯಿ ಇಲ್ಲದೆ ನಮ್ಮ ಹಿರಿಯರು ಸಾರು ಹೇಗೆ ಮಾಡ್ತಿದ್ದರು? ಅವರು ಖಾರಕ್ಕೆ ಕರಿ ಮೆಣಸು ಹಾಕ್ತಿದ್ದರಂತೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಗಿಡಗಳು ನಮ್ಮ ಕರಾವಳಿಗೆ ಬಂದವು. ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತ ಜನ ಅದನ್ನ ಮೆಣಸಿನಕಾಯಿ ಅಂದರು. ಹೆಸರಲ್ಲೇ ಗುಟ್ಟು ಕೂತಿದೆ, ನಾವು ಕೇಳಿಸ್ಕೊಂಡಿಲ್ಲ ಅಷ್ಟೇ.

ಆಮೇಲೆ ನಾವು ಲೆಕ್ಕ ಹಾಕಿದೆವು. ನಮ್ಮ ಹೊಲಗಳ ಮೆಕ್ಕೆಜೋಳ, ಶೇಂಗಾ, ಮನೆ ಹಿತ್ತಲಿನ ಪೇರಲ, ಪಪ್ಪಾಯಿ, ಗೋಡಂಬಿ ಎಲ್ಲಾ ಅಮೆರಿಕ ಖಂಡಗಳಿಂದ ಬಂದವು. ಕೆರೆ ಹತ್ತಿರ ಇರೋ ಮುಟ್ಟಿದರೆ ಮುನಿ ಕೂಡ. ಕಾಂಗ್ರೆಸ್ ಗಿಡ, ಲಂಟಾನ ಇವೂ ಆ ಕಡೆಯವೇ, ಆದರೆ ಇವು ಬೇಡದ ನೆಂಟರು, ಬೇರೆ ಗಿಡಕ್ಕೆ ಜಾಗ ಬಿಡಲ್ಲ. ನಮ್ಮವು ಯಾವುವು ಅಂತ ಹುಡುಕಿದಾಗ ಹೊಂಗೆ, ಎಕ್ಕ, ಲಕ್ಕಿ, ನೀರೊಳಗಿನ ತಾವರೆ ಸಿಕ್ಕಿದವು. ಉತ್ತರಾಣಿಯನ್ನ ನಾನೇ ಹೇಳಿದೆ.

ಬಿ.ಜಿ.ಎಲ್. ಸ್ವಾಮಿಯವರು 1980ರ ನವೆಂಬರ್ 2ರಂದು ತೀರಿಕೊಂಡರು. ಆಗ ಅವರಿಗೆ 62 ವರ್ಷ. ನಮ್ಮ ಅಜ್ಜಿಗೆ ಈಗ ಅದಕ್ಕಿಂತ ಹೆಚ್ಚು ವಯಸ್ಸು. ಇನ್ನೂ ಎಷ್ಟು ಬರೀಬಹುದಿತ್ತು ಅಂತ ಅನ್ನಿಸುತ್ತೆ.

ಈಗ ನಮ್ಮ ತರಗತಿಯ ಒಂದು ವಿಷಯ. ತಿಂಗಳಿಗೆ ಒಂದು ಶನಿವಾರ ಏರಿ ಕಡೆ ಕರ್ಕೊಂಡು ಹೋಗಿ ಅಂತ ನಾವು ಮೇಷ್ಟ್ರನ್ನ ಕೇಳಿದೆವು. ಮೊದಲು ಆಗಲ್ಲ ಅಂದರು. ಓದೋದು ಬಿಟ್ಟು ಮಕ್ಕಳನ್ನ ತಿರುಗೋಕೆ ಕಳಿಸ್ತಾರಾ ಅಂತ ಒಬ್ಬರ ತಂದೆ ಶಾಲೆಗೇ ಬಂದು ಕೇಳಿದ್ದರು. ಆಳದ ನೀರು, ಯಾರಾದರೂ ಜಾರಿದರೆ ಏನು ಗತಿ ಅನ್ನೋ ಭಯವೂ ಇತ್ತು. ಆ ಭಯ ಸುಳ್ಳಲ್ಲ. ಕೊನೆಗೆ ಇಬ್ಬರು ಶಿಕ್ಷಕರು ಜೊತೆಗಿರಬೇಕು, ನೀರಿಗೆ ಯಾರೂ ಇಳಿಯಬಾರದು, ಹೋಗಿ ಬಂದ ಮೇಲೆ ಎಲ್ಲರೂ ಬರೆದು ತೋರಿಸಬೇಕು ಅಂತ ಹೇಳಿ ಮುಖ್ಯ ಗುರುಗಳು ಒಪ್ಪಿದರು. ಒಂದು ಸಲ ಹೋಗಿ ಬಂದಿದ್ದೀವಿ. ಒಂದು ನೋಟ್‌ಬುಕ್ ಮಾಡಿದ್ದೀವಿ. ಅದರಲ್ಲಿ ಗಿಡದ ಹೆಸರು, ಸಿಕ್ಕ ಜಾಗ, ತಾರೀಖು, ಹೆಸರು ಹೇಳಿದವರು ಯಾರು ಅಂತ ನಾಲ್ಕು ಕಾಲಂ ಇದೆ. ನಾಲ್ಕನೇ ಕಾಲಂನಲ್ಲಿ ನಮ್ಮ ಅಜ್ಜಿಯೇ ಏಳು ಸಲ ಬಂದಿದ್ದಾಳೆ. ಒಟ್ಟು ಹತ್ತೊಂಬತ್ತು ಗಿಡ ಆಗಿವೆ. ಪಟ್ಟಣದ ಆ ಶಾಲೆಯವರು ಮುಂದಿನ ವರ್ಷವೂ ಬರ್ತಾರಂತೆ. ಆ ಹುಡುಗಿ ಬಂದರೆ ಕಳೆ ಅಂತ ಬರೆದದ್ದನ್ನ ಹೊಡೆದು ಹಾಕಿಸಬೇಕು ಅಂತ ಇದೀನಿ.

ಇಪ್ಪತ್ತನೇದು ಮಾತ್ರ ಉಳಿದಿದೆ. ಬಸವನಾಲೆ ಪಕ್ಕದ ಕಲ್ಲಿನ ಸಂದಿಯಲ್ಲಿ ಸಿಕ್ಕಿತು. ಎಲೆ ಸಣ್ಣದು, ಅಂಚು ಗರಗಸದ ಹಾಗೆ, ಉಜ್ಜಿದರೆ ನಿಂಬೆ ವಾಸನೆ. ಅಜ್ಜಿಗೂ ಗೊತ್ತಿಲ್ಲ, ಮೇಷ್ಟ್ರಿಗೂ ಗೊತ್ತಿಲ್ಲ. ಅದರ ಒಂದು ಎಲೆಯನ್ನ ಒಣಗಿಸಿ ಈ ಹಾಳೆಯ ಕೆಳಗೆ ಅಂಟಿಸಿದ್ದೀನಿ. ದಯವಿಟ್ಟು ಯಾರೂ ಕೀಳಬೇಡಿ. ಹೆಸರು ಗೊತ್ತಿದ್ದವರು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ, ಜೊತೆಗೆ ನಿಮಗೆ ಯಾರು ಹೇಳಿದರು ಅಂತಲೂ ಬರೆಯಿರಿ.